ಮನೆಯಲ್ಲೇ ಕಟ್ಟಿದ ಹಾವಿನ ರ್ಯಾಕ್: ಬಿಸಿ ತಪ್ಪಿದಾಗ, ತೇವ ತಪ್ಪಿದಾಗ, ಹಾವೇ ತಪ್ಪಿಸಿಕೊಂಡಾಗ

ನಾನು ಕಟ್ಟಿದ ಮೊದಲ ರ್ಯಾಕ್‌ನಲ್ಲಿ ಆರು ಟಬ್ ಇದ್ದವು. ರ್ಯಾಕ್ ಎಂದರೆ ಹಲಗೆಗಳ ಕಪಾಟು, ಅದರೊಳಗೆ ಡ್ರಾಯರಿನ ಹಾಗೆ ಎಳೆಯುವ ಪ್ಲಾಸ್ಟಿಕ್ ಟಬ್, ಟಬ್ಬಿಗೊಂದು ಹಾವು. ಒಂದು ಸಂಜೆ ನೋಡಿದರೆ ಐದು ಹಾವುಗಳು ಟಬ್ಬಿನ ಮುಂದಿನ ಗೋಡೆಗೆ ಮೈ ಒತ್ತಿಕೊಂಡು ಮಲಗಿದ್ದವು. ಟಬ್ಬನ್ನು ಅಡಿಯಿಂದ ಕಾಯಿಸುವ ತೆಳು ವಿದ್ಯುತ್ ಪಟ್ಟಿ, ಅಂದರೆ ಹೀಟ್ ಟೇಪ್, ಇರುವುದು ಹಿಂದೆ. ಅಂದರೆ ಐದೂ ಬಿಸಿಯಿಂದ ಆದಷ್ಟು ದೂರ ಬಂದಿದ್ದವು. ಬಿಸಿ ನೋಡಿ ಟೇಪಿನ ವಿದ್ಯುತ್ತನ್ನು ಹದ ಮಾಡುವ ಥರ್ಮೋಸ್ಟಾಟ್ ಪರದೆಯಲ್ಲಿ ಮಾತ್ರ 32 ಡಿಗ್ರಿ ಎಂದೇ ಇತ್ತು. ಹಿಂದಿನ ನೆಲ ಅಳೆದೆ, 41. ಆರನೆಯ ಟಬ್ಬಿನಲ್ಲಿ ನೀರಿನ ಬಟ್ಟಲು ಮಗುಚಿತ್ತು. ಥರ್ಮೋಸ್ಟಾಟ್ ಬಿಸಿ ಅಳೆಯುವ ವೈರ್, ಅಂದರೆ ಪ್ರೋಬ್, ಅಂಟಿಸಿದ್ದು ಅದೇ ಟಬ್ಬಿನ ಅಡಿಗೆ. ಒದ್ದೆಯಾದ ಟಬ್ ತಣ್ಣಗಾಯಿತು, ಪ್ರೋಬ್ ಕೂಡ ತಣ್ಣಗಾಯಿತು, ಅದನ್ನು ಬೆಚ್ಚಗೆ ಮಾಡಲು ಥರ್ಮೋಸ್ಟಾಟ್ ಇಡೀ ರ್ಯಾಕ್‌ನ ಟೇಪನ್ನು ಬಿಡದೆ ಕಾಯಿಸಿತು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಪ್ರೋಬ್ ಇಡಬಾರದ ಜಾಗದಲ್ಲಿತ್ತು, ಅಷ್ಟೇ.

ಆಮೇಲೆ ನನ್ನ ರ್ಯಾಕ್‌ಗಳಲ್ಲಿ, ಗೆಳೆಯರ ರ್ಯಾಕ್‌ಗಳಲ್ಲಿ ಎಷ್ಟೋ ತೊಂದರೆ ನೋಡಿದ್ದೇನೆ. ಬಿಸಿಯ ದೂರು ಬಂದರೆ ನಾನು ಮೊದಲು ಹುಡುಕುವುದು ಪ್ರೋಬ್ ಎಲ್ಲಿದೆ ಎಂದು. ಹೆಚ್ಚಿನ ಸಲ ಅಲ್ಲೇ ಉತ್ತರ ಸಿಗುತ್ತದೆ. ಥರ್ಮೋಸ್ಟಾಟ್‌ಗೆ ಹಾವು ಗೊತ್ತಿಲ್ಲ, ಟಬ್ ಗೊತ್ತಿಲ್ಲ. ಪ್ರೋಬ್‌ನ ತುದಿ ಎಲ್ಲಿದೆಯೋ ಆ ಒಂದು ಚುಕ್ಕೆ ಮಾತ್ರ ಗೊತ್ತು. ಹಾಗಾಗಿ ದಯವಿಟ್ಟು ಸೆಟ್ಟಿಂಗ್ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕಾರಣ ತಿಳಿಯದೆ ನಾಬ್ ತಿರುಗಿಸಿದರೆ ಇದ್ದ ಒಂದು ತಪ್ಪಿನ ಮೇಲೆ ಇನ್ನೊಂದು ಸೇರುತ್ತದೆ.

ಮೊದಲು ಅಳತೆ ಸರಿ ಇರಲಿ

ಬೇಕಾದದ್ದು ಇಷ್ಟು: ಎರಡು ಡಿಜಿಟಲ್ ಥರ್ಮಾಮೀಟರ್, ಮುಟ್ಟದೆ ದೂರದಿಂದ ಬಿಸಿ ಅಳೆಯುವ ಒಂದು ಇನ್‌ಫ್ರಾರೆಡ್ ಗನ್, ವಿದ್ಯುತ್ ಅಳೆಯುವ ಮಲ್ಟಿಮೀಟರ್, ಟಾರ್ಚ್, ಒಂದು ನೋಟ್‌ಬುಕ್.

ಥರ್ಮಾಮೀಟರನ್ನು ನಂಬುವ ಮೊದಲು ಪರೀಕ್ಷೆ ಮಾಡಿ. ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಅದು ಮುಳುಗುವಷ್ಟು ನೀರು ಹಾಕಿ, ಕಲಕಿ. ಐದು ನಿಮಿಷ ಬಿಟ್ಟು ತುದಿ ಅದ್ದಿದರೆ 0 ಡಿಗ್ರಿ ಬರಬೇಕು. ಒಂದು ಡಿಗ್ರಿ ಆಚೀಚೆ ಇದ್ದರೆ ಪರವಾಗಿಲ್ಲ, ಅದನ್ನು ಥರ್ಮಾಮೀಟರ್ ಮೇಲೇ ಬರೆದು ಅಂಟಿಸಿ. ಮೂರು ಡಿಗ್ರಿ ತಪ್ಪು ತೋರಿಸಿದರೆ ಬದಲಿಸಿ.

ಇನ್‌ಫ್ರಾರೆಡ್ ಗನ್ ಎರಡು ಕಡೆ ಮೋಸ ಮಾಡುತ್ತದೆ. ಹೀಟ್ ಟೇಪ್ ಮೇಲೆ ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಚ್ಚಿದ್ದರೆ ಗನ್ ತೋರಿಸುವ ಅಂಕಿ ನಿಜಕ್ಕಿಂತ ತುಂಬ ಕಡಿಮೆ ಇರುತ್ತದೆ. ಹೊಳೆಯುವ ಲೋಹ ತನ್ನ ಶಾಖವನ್ನು ಹೊರಗೆ ಬಿಡುವುದೇ ಕಡಿಮೆ, ಗನ್ ಅಲ್ಲಿ ಎದುರಿನ ವಸ್ತುಗಳ ಪ್ರತಿಫಲನವನ್ನೇ ಓದುತ್ತದೆ. ಅಲ್ಲಿ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ನಿಮಿಷ ಬಿಟ್ಟು, ಅದರ ಮೇಲೆ ಅಳೆಯಿರಿ. ಇನ್ನೊಂದು, ಟಬ್ ಪಾರದರ್ಶಕವಾಗಿದೆ ಎಂದು ಹೊರಗಿನಿಂದ ಗನ್ ಹಿಡಿಯಬೇಡಿ. ನಮ್ಮ ಕಣ್ಣಿಗೆ ಒಳಗಿನ ನೆಲ ಕಂಡರೂ ಗನ್ ಅಳೆಯುವುದು ಹೊರಗಿನ ಪ್ಲಾಸ್ಟಿಕ್ಕನ್ನೇ. ಟಬ್ ಎಳೆದು ತಕ್ಷಣ ಒಳಗಡೆಗೆ ಹಿಡಿಯಿರಿ.

ಅಳೆಯಬೇಕಾದ ಜಾಗ ಯಾವುದು? ಟಬ್ಬಿನೊಳಗೆ ಹರಡಿದ ಹಾಸಿನ ಮೇಲ್ಭಾಗ ಅಲ್ಲ, ಹಾಸನ್ನು ಸರಿಸಿ ಅದರ ಅಡಿಯ ಪ್ಲಾಸ್ಟಿಕ್ ನೆಲ. ತೆಂಗಿನ ಸಿಪ್ಪೆಯ ಚೂರು, ಮರದ ಚಕ್ಕೆ ದಪ್ಪಗಿದ್ದಷ್ಟೂ ಶಾಖ ಮೇಲೆ ಬರುವುದು ಕಡಿಮೆ. ಮೇಲೆ 29 ಇದ್ದಾಗ ಅಡಿಯಲ್ಲಿ 38 ಇರಬಹುದು. ಹಾವು ಹಾಸನ್ನು ಕೆದಕಿಕೊಂಡು ಆ ಬರಿ ಪ್ಲಾಸ್ಟಿಕ್ ಮೇಲೆಯೇ ಹೊಟ್ಟೆ ಇಡುತ್ತದೆ. ಸುಟ್ಟರೂ ಎಷ್ಟೋ ಹಾವುಗಳು ಅಲ್ಲಿಂದ ಏಳುವುದಿಲ್ಲ. ನನಗೆ ಈ ವಿಷಯದಲ್ಲಿ ಭಯ ಇದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗುರಿ ಇಟ್ಟುಕೊಳ್ಳಬೇಕಾದ ಅಂಕಿಗಳು: ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿಗೆ ಬಿಸಿ ಬದಿಯ ನೆಲ 31ರಿಂದ 33 ಡಿಗ್ರಿ, ತಣ್ಣನೆ ಬದಿ 25ರಿಂದ 27. ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವಿಗೆ ಬಿಸಿ ಬದಿ 28ರಿಂದ 30, ತಣ್ಣನೆ ಬದಿ 22ರಿಂದ 24. ಎರಡೂ ಬದಿ ಅಳೆದು, ಕೋಣೆಯ ಗಾಳಿಯನ್ನೂ ಅಳೆದು, ಟಬ್‌ವಾರು ಬರೆದುಕೊಳ್ಳಿ. ಈ ಒಂದು ಪುಟ ಎದುರಿಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆಂದರೆ ಮುಂದಿನ ಪ್ರಶ್ನೆ ಒಂದೇ: ಎಲ್ಲ ಟಬ್ಬೂ ತಪ್ಪಾಗಿದೆಯೋ, ಒಂದೋ ಎರಡೋ ಮಾತ್ರವೋ?

ಎಲ್ಲ ಟಬ್ಬೂ ಜಾಸ್ತಿ ಬಿಸಿ

ಇದು ತುರ್ತು. ಮೊದಲು ಪ್ಲಗ್ ಕೀಳಿ, ಹಾವುಗಳನ್ನು ನೋಡಿ, ಆಮೇಲೆ ಕಾರಣ ಹುಡುಕಿ. ಕೋಣೆಯ ಗಾಳಿ 24, 25 ಡಿಗ್ರಿ ಇದ್ದರೆ ಕೆಲವು ಗಂಟೆ ಟೇಪ್ ಇಲ್ಲದಿದ್ದರೂ ಹಾವಿಗೆ ಏನೂ ಆಗುವುದಿಲ್ಲ. ಬಿಸಿಗೆ ಹೋಲಿಸಿದರೆ ತಂಪು ಕೊಡುವ ಸಮಯ ಜಾಸ್ತಿ.

ಪ್ರೋಬ್ ಟೇಪಿನಿಂದ ಕಿತ್ತು ಬಂದಿದೆಯಾ? ಟಬ್ ಒಳಗೆ ಹೊರಗೆ ಹೋಗುವಾಗ ಅದರ ಅಂಚು ವೈರಿಗೆ ಸಿಕ್ಕಿ ಪ್ರೋಬ್ ಸ್ವಲ್ಪ ಸ್ವಲ್ಪವೇ ಜರುಗುತ್ತದೆ. ಎರಡು ಬೆರಳು ಜರುಗಿದರೂ ಸಾಕು. ತುದಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು ಕೋಣೆಯ ಬಿಸಿಯನ್ನು ಹೇಳುತ್ತದೆ, ಟೇಪ್ ಮಾತ್ರ ಉರಿಯುತ್ತಲೇ ಇರುತ್ತದೆ.

ಪ್ರೋಬ್ ಇರುವ ಸಾಲಿನ ಟಬ್ಬನ್ನು ತೊಳೆಯಲು ತೆಗೆದು ಹೊರಗೆ ಇಟ್ಟಿದ್ದೀರಾ? ಇದು ತುಂಬ ಸಾಮಾನ್ಯ. ಟಬ್ ಇಲ್ಲದಾಗ ಪ್ರೋಬ್ ಮೇಲೆ ತಣ್ಣನೆ ಗಾಳಿ ಆಡುತ್ತದೆ, ಬಾಕಿ ಟಬ್ಬುಗಳು ಕಾಯುತ್ತವೆ. ಆ ಜಾಗಕ್ಕೆ ಅದೇ ಅಳತೆಯ ಒಂದು ಖಾಲಿ ಟಬ್ ಸದಾ ಸಿದ್ಧವಿರಲಿ. ತೊಳೆಯುವಾಗ ಅದನ್ನು ತುರುಕಿ. ಪ್ರೋಬ್ ಮೇಲೆ ಬರುವ ಟಬ್ಬಿನಲ್ಲಿ ನೀರಿನ ಬಟ್ಟಲು ಯಾವಾಗಲೂ ಮುಂದಿನ ತಣ್ಣನೆ ಬದಿಯಲ್ಲೇ ಇರಲಿ. ನೀರು ತುಂಬಿದ ಬಟ್ಟಲು ಪ್ರೋಬ್ ಮೇಲೆ ಕೂತರೆ ಶಾಖವನ್ನೆಲ್ಲ ಹೀರುತ್ತದೆ.

ಪ್ರೋಬ್ ಎಲ್ಲಿರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಖಚಿತ. ಟಬ್ಬಿನ ಒಳಗೆ ಬೇಡ. ಒಳಗೆ ಇಟ್ಟರೆ ಹಾವು ಅದನ್ನು ತಳ್ಳುತ್ತದೆ, ಅದರ ಮೇಲೆ ಮೂತ್ರ ಮಾಡುತ್ತದೆ. ಮಧ್ಯದ ಸಾಲಿನ ಟೇಪಿನ ಮೇಲೆ, ಟೇಪಿಗೂ ಟಬ್ಬಿನ ಅಡಿಗೂ ನಡುವೆ, ತುದಿ ಮತ್ತು ವೈರ್ ಎರಡನ್ನೂ ಕನಿಷ್ಠ ಎರಡು ಕಡೆ ಗಟ್ಟಿಯಾಗಿ ಅಂಟಿಸಿ. ಹಲಗೆಯಲ್ಲಿ ವೈರಿಗೆ ಒಂದು ಸಣ್ಣ ಕಾಲುವೆ ಕೊರೆದರೆ ಇನ್ನೂ ಒಳ್ಳೆಯದು, ಟಬ್ ಅದಕ್ಕೆ ತಾಗುವುದೇ ಇಲ್ಲ. ಹೀಗೆ ಇಟ್ಟಾಗ ಥರ್ಮೋಸ್ಟಾಟ್‌ನ ಅಂಕಿಯೂ ಒಳಗಿನ ನೆಲದ ಅಂಕಿಯೂ ಒಂದೇ ಆಗಿರುವುದಿಲ್ಲ. ಒಳಗೆ 32 ಬೇಕಾದರೆ ಪ್ರೋಬ್ 34 ಅಥವಾ 35ಕ್ಕೆ ಹೋಗಬೇಕಾಗಬಹುದು. ಪರದೆಯ ಅಂಕಿಗೆ ಮರುಳಾಗಬೇಡಿ, ಒಳಗಿನ ನೆಲ ಅಳೆದು ಹೊಂದಿಸಿ.

ಪ್ರೋಬ್ ಸರಿಯಾಗಿದೆ, ಆದರೂ ಟೇಪ್ ಆಫ್ ಆಗುತ್ತಿಲ್ಲ ಎಂದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಬಹುದು. ಪರೀಕ್ಷೆ ಸುಲಭ. ಪ್ರೋಬ್‌ನ ತುದಿಯನ್ನು ಮುಷ್ಟಿಯಲ್ಲಿ ಹಿಡಿಯಿರಿ. ಸೆಟ್ಟಿಂಗನ್ನು 28ಕ್ಕೆ ಇಳಿಸಿ. ಸ್ವಲ್ಪ ಹೊತ್ತಿಗೆ ಪರದೆಯ ಅಂಕಿ 28 ದಾಟುತ್ತದೆ, ಆಗ ಟೇಪಿನ ವಿದ್ಯುತ್ ನಿಲ್ಲಬೇಕು. ಥರ್ಮೋಸ್ಟಾಟ್‌ನ ಔಟ್‌ಪುಟ್ ಸಾಕೆಟ್ಟಿಗೆ ಒಂದು ಹಳೇ ಕಾಲದ, ಫಿಲಮೆಂಟ್ ಇರುವ ಸಣ್ಣ ಬಲ್ಬಿನ ಟೇಬಲ್ ಲ್ಯಾಂಪ್ ಸಿಕ್ಕಿಸಿದರೆ ಕಣ್ಣಿಗೇ ಕಾಣುತ್ತದೆ. ಬಲ್ಬ್ ಆರದಿದ್ದರೆ ಒಳಗಿನ ರಿಲೇ ಎಂಬ ಸ್ವಿಚ್ಚಿನ ಸಂಪರ್ಕಗಳು ಬೆಸೆದುಕೊಂಡಿವೆ, ಅಥವಾ ವಿದ್ಯುತ್ತನ್ನು ಬೇಕಾದಷ್ಟೇ ಹೆಚ್ಚು ಕಡಿಮೆ ಮಾಡುವ ಪ್ರಪೋರ್ಷನಲ್ ಮಾದರಿಯಾದರೆ ಅದರ ಎಲೆಕ್ಟ್ರಾನಿಕ್ ಸ್ವಿಚ್ ಟ್ರಯಾಕ್ ಶಾರ್ಟ್ ಆಗಿದೆ. ಎರಡೂ ಆನ್ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುವ ದೋಷಗಳು. ರಿಪೇರಿ ಮಾಡಲು ಹೋಗದೆ ಬದಲಿಸಿ.

ಇದೇ ಕಾರಣಕ್ಕೆ ನಾನೀಗ ಪ್ರತಿ ರ್ಯಾಕ್‌ಗೂ ಎರಡು ಥರ್ಮೋಸ್ಟಾಟ್ ಹಾಕುತ್ತೇನೆ. ಗೋಡೆಯ ಸಾಕೆಟ್ಟಿಗೆ ಮೊದಲು ಒಂದು ಸಾದಾ ಆನ್-ಆಫ್ ಮಾದರಿ, ಅದರ ಔಟ್‌ಪುಟ್‌ಗೆ ಮುಖ್ಯವಾದದ್ದು. ಮೊದಲಿನದನ್ನು ಮುಖ್ಯವಾದದ್ದಕ್ಕಿಂತ ಮೂರು ಡಿಗ್ರಿ ಮೇಲೆ ಇಡುತ್ತೇನೆ, ಅದರ ಪ್ರೋಬ್ ಬೇರೆ ಸಾಲಿನಲ್ಲಿ. ದಿನವೂ ಸುಮ್ನೆ ಕೂತಿರುತ್ತದೆ. ಮುಖ್ಯದ್ದು ಕೈಕೊಟ್ಟ ದಿನ ಅದೇ ಹಾವನ್ನು ಉಳಿಸುತ್ತದೆ. ಅದನ್ನು ಮುಖ್ಯದ್ದರ ಮುಂದೆ ಕೊಡುವಾಗ ಒಂದು ಮಾತು: ವಿದ್ಯುತ್ ಹೋಗಿ ಬಂದಾಗ ಮುಖ್ಯ ಥರ್ಮೋಸ್ಟಾಟ್ ತನ್ನ ಹಳೆಯ ಸೆಟ್ಟಿಂಗಿಗೇ ಮರಳುತ್ತದೆಯೇ ಎಂದು ಪ್ಲಗ್ ಕಿತ್ತು ಹಾಕಿ ನೋಡಿಕೊಳ್ಳಿ.

ಹೊಸ ರ್ಯಾಕ್ ಮೊದಲ ದಿನವೇ ಕಾದರೆ ಟೇಪಿನ ಮೇಲೆ ಬರೆದ ವೋಲ್ಟೇಜ್ ಓದಿ. 120 ವೋಲ್ಟಿಗೆ ಮಾಡಿದ ಟೇಪನ್ನು 230 ವೋಲ್ಟಿಗೆ ಹಚ್ಚಿದರೆ ಶಾಖ ಎರಡು ಪಟ್ಟಾಗುವುದಿಲ್ಲ, ಮೂರೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಬೆಂಕಿಗೆ ಅಷ್ಟು ಸಾಕು. ಥರ್ಮೋಸ್ಟಾಟ್ ಇದೆಯಲ್ಲ ಎಂದು ಅದನ್ನು ಬಳಸಬೇಡಿ.

ಎಲ್ಲ ಟಬ್ಬೂ ತಣ್ಣಗೆ

ಟೇಪ್ ಬೆಚ್ಚಗಿದೆಯಾ ಇಲ್ಲವಾ, ಮುಟ್ಟಿ ನೋಡಿ. ಪೂರ್ತಿ ತಣ್ಣಗಿದ್ದರೆ ಪ್ಲಗ್, ಫ್ಯೂಸ್, ಥರ್ಮೋಸ್ಟಾಟ್, ಈ ಕ್ರಮದಲ್ಲಿ ಹೋಗಿ. ಮೇಲೆ ಹೇಳಿದ ಟೇಬಲ್ ಲ್ಯಾಂಪ್ ಇಲ್ಲೂ ಸಹಾಯಕ್ಕೆ ಬರುತ್ತದೆ.

ಟೇಪ್ ಬೆಚ್ಚಗಿದ್ದು ಟಬ್ ತಣ್ಣಗಿದ್ದರೆ ಟಬ್ಬನ್ನು ಬೋರಲು ಹಾಕಿ ಅದರ ಅಡಿ ನೋಡಿ. ಅನೇಕ ಟಬ್ಬುಗಳ ಅಡಿಗೆ ಸುತ್ತಲೂ ಒಂದು ಏಣು ಇರುತ್ತದೆ, ನಡುವಿನ ನೆಲ ಮೂರು ನಾಲ್ಕು ಮಿ.ಮೀ. ಮೇಲೆ ನಿಲ್ಲುತ್ತದೆ. ಆ ತೆಳು ಗಾಳಿಯ ಪದರವೇ ಶಾಖವನ್ನು ತಡೆಯುತ್ತದೆ. ಟಬ್ ಕೊಳ್ಳುವಾಗಲೇ ಅಡಿ ಚಪ್ಪಟೆಯಾಗಿದೆಯಾ ನೋಡಬೇಕಿತ್ತು. ಆಗಲೇ ಕೊಂಡಿದ್ದರೆ ಟೇಪನ್ನು ಅಡಿಯಿಂದ ತೆಗೆದು ಹಿಂಭಾಗದ ಗೋಡೆಗೆ ಹಾಕುವುದು ಒಂದು ದಾರಿ. ಅದಕ್ಕೆ ಟಬ್ಬಿನ ಹಿಂದಿನ ಗೋಡೆ ಟೇಪಿಗೆ ತಾಗುವಷ್ಟು ಹತ್ತಿರ ಇರಬೇಕು. ಹಾಗೆ ಬದಲಿಸಿದರೆ ಪ್ರೋಬೂ ಟೇಪಿನ ಜೊತೆಗೇ ಹೋಗಬೇಕು.

ನೆಲ ಬೆಚ್ಚಗಿದ್ದೂ ಹಾವು ಹಗಲೂ ರಾತ್ರಿ ಬಿಸಿ ಬದಿಯನ್ನೇ ಅಂಟಿಕೊಂಡಿದ್ದರೆ ಕೊರತೆ ಇರುವುದು ಗಾಳಿಯಲ್ಲಿ. ಹೀಟ್ ಟೇಪ್ ನೆಲವನ್ನು ಕಾಯಿಸುತ್ತದೆ, ಗಾಳಿಯನ್ನು ಅಷ್ಟಾಗಿ ಕಾಯಿಸಲಾರದು. ಕೋಣೆ 18 ಡಿಗ್ರಿಗೆ ಇಳಿದರೆ ಟೇಪನ್ನು ಎಷ್ಟು ಏರಿಸಿದರೂ ತಣ್ಣನೆ ಬದಿ 25 ಆಗುವುದಿಲ್ಲ, ಹೊಟ್ಟೆ ಮಾತ್ರ ಸುಡುತ್ತದೆ. ರ್ಯಾಕ್‌ನ ಎರಡು ಪಕ್ಕ ಮತ್ತು ಹಿಂಭಾಗಕ್ಕೆ ಹೊರಗಿನಿಂದ ಫೋಮ್ ಹಲಗೆ ಹಚ್ಚಿ, ಹೊರಗೋಡೆಯಿಂದ ದೂರ ಸರಿಸಿ. ಅದೂ ಸಾಲದಿದ್ದರೆ ಕೋಣೆಯನ್ನೇ ಬೆಚ್ಚಗಿಡಬೇಕು.

ಒಂದೇ ಸಾಲು ಬೇರೆ

ಮೇಲಿನ ಸಾಲು ಕೆಳಗಿನದಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗಿರುವುದು ಸಹಜ, ಶಾಖ ಮೇಲೇರುತ್ತದೆ ಅಲ್ವಾ. ಸೆಟ್ಟಿಂಗನ್ನು ಮೇಲಿನ ಸಾಲು ಮಿತಿ ದಾಟದ ಹಾಗೆ ಇಡಿ, ಸ್ವಲ್ಪ ಕಡಿಮೆ ಬಿಸಿ ಬೇಕಾದ ಹಾವನ್ನು ಕೆಳಗಿಡಿ. ಐದಾರು ಡಿಗ್ರಿ ವ್ಯತ್ಯಾಸ ಇದ್ದರೆ ಮಾತ್ರ ದೋಷ.

ಒಂದು ಸಾಲು ಪೂರ್ತಿ ತಣ್ಣಗಾದರೆ ಅದರ ಟೇಪಿನ ಕ್ಲಿಪ್ ಸಡಿಲಾಗಿದೆ ಎಂದೇ ಶುರು ಮಾಡಿ. ಇಲ್ಲಿ ಮಲ್ಟಿಮೀಟರ್ ಚೆನ್ನಾಗಿ ಮಾತಾಡುತ್ತದೆ. ಪ್ಲಗ್ ಕೀಳಿ, ಟೇಪುಗಳನ್ನು ಥರ್ಮೋಸ್ಟಾಟ್‌ನಿಂದ ಬಿಡಿಸಿ, ಅವುಗಳ ಪ್ಲಗ್ಗಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಲೆಕ್ಕ ಹೀಗೆ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿ. 230 ವೋಲ್ಟಿನಲ್ಲಿ 20 ವ್ಯಾಟಿನ ಒಂದು ಟೇಪಿಗೆ ಸುಮಾರು 2645 ಓಮ್. ಅಂಥ ಮೂರು ಟೇಪ್ ಸಮಾನಾಂತರವಾಗಿ ಇದ್ದರೆ ಸುಮಾರು 880. ಮೀಟರ್ 1320ರ ಹತ್ತಿರ ತೋರಿಸಿದರೆ ಎರಡು ಮಾತ್ರ ಕೆಲಸ ಮಾಡುತ್ತಿವೆ, ಒಂದು ಕಡಿದಿದೆ. ಏನೂ ತೋರಿಸದಿದ್ದರೆ ಎಲ್ಲಕ್ಕೂ ಮೊದಲಿನ ಜಾಗದಲ್ಲೇ ತಂತಿ ಕಡಿದಿದೆ.

ಕ್ಲಿಪ್ಪಿನ ಹಲ್ಲು ಟೇಪಿನ ಅಂಚಿನ ತಾಮ್ರದ ಪಟ್ಟಿಯನ್ನು ಚುಚ್ಚಿ ಹಿಡಿದಿರಬೇಕು. ಸಡಿಲವಾದ ಕ್ಲಿಪ್ ತಾನೇ ಕಾಯುತ್ತದೆ. ಅದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಅದನ್ನು ಮತ್ತೆ ಒತ್ತಿ ಬಿಗಿ ಮಾಡಬೇಡಿ. ಆ ತುದಿ ಕತ್ತರಿಸಿ ಹೊಸ ಕ್ಲಿಪ್ ಹಾಕಿ. ಕತ್ತರಿಸುವುದು ಕಪ್ಪು ಪಟ್ಟಿಗಳ ನಡುವೆ ತಯಾರಕರು ಬಿಟ್ಟ ಜಾಗದಲ್ಲೇ ಆಗಲಿ, ಎರಡೂ ತುದಿಗೆ ಇನ್ಸುಲೇಷನ್ ಇರಲಿ. ಟೇಪಿನ ಮೇಲೆ ಗೀರು ಬಿದ್ದಿದ್ದರೆ ಟಬ್ ಅದನ್ನು ಉಜ್ಜುತ್ತಿದೆ ಎಂದರ್ಥ. ಇಡೀ ತುಂಡು ಬದಲಿಸಿ, ಈ ಸಲ ಹಲಗೆಯಲ್ಲಿ ಟೇಪಿನ ಅಗಲಕ್ಕೆ ಆಳ ಕಡಿಮೆಯ ಕಾಲುವೆ ಕೊರೆದು ಅದರಲ್ಲಿ ಕೂರಿಸಿ. ಹಾವು ಇರುವ ಕಡೆ ನೀರು ಇದ್ದೇ ಇರುತ್ತದೆ. ವಿದ್ಯುತ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿನ ಅರ್ಥ್ ಲೀಕೇಜ್ ಬ್ರೇಕರ್ ಇಲ್ಲದ ಸಾಕೆಟ್ಟಿಗೆ ರ್ಯಾಕ್ ಸಿಕ್ಕಿಸಬೇಡಿ. ಆ ಬ್ರೇಕರ್ ಪದೇ ಪದೇ ಬೀಳುತ್ತಿದ್ದರೆ ಅದನ್ನು ಬಯ್ಯದೆ ಒದ್ದೆಯಾದ ಕ್ಲಿಪ್ ಹುಡುಕಿ.

ತೇವ ಹದ ತಪ್ಪಿದೆ

ಪೊರೆ ತುಂಡು ತುಂಡಾಗಿ ಬಿಡುತ್ತಿದೆ, ಕಣ್ಣಿನ ಮೇಲಿನ ಪೊರೆ ಉಳಿದಿದೆ ಎಂದರೆ ಒಣಗಿದೆ. ಟಬ್ಬಿನ ಗೋಡೆಯಲ್ಲಿ ನೀರು ಹನಿಯಾಗಿ ಇಳಿಯುತ್ತಿದೆ, ಹಾಸು ಹಿಂಡಿದರೆ ಒದ್ದೆ, ಹೊಟ್ಟೆಯ ಹುರುಪೆಗಳು ಕೆಂಪಾಗಿ ಗುಳ್ಳೆ ಎದ್ದಿವೆ ಎಂದರೆ ಅತಿಯಾಗಿದೆ. ಗಾಳಿಯ ತೇವ ಬಾಲ್ ಪೈಥಾನ್‌ಗೆ 55ರಿಂದ 65 ಶೇಕಡಾ, ಪೊರೆ ಬಿಡುವಾಗ 70ರ ಹತ್ತಿರ. ಕಾರ್ನ್ ಸ್ನೇಕ್‌ಗೆ 40ರಿಂದ 60.

ಒಣಗಿದ್ದರೆ ಹಾಸಿಗೆಲ್ಲ ನೀರು ಸುರಿಯಬೇಡಿ. ಮುಚ್ಚಳದಲ್ಲಿ ತೂತಿರುವ ಒಂದು ಸಣ್ಣ ಡಬ್ಬಿಯಲ್ಲಿ ಒದ್ದೆ ಪಾಚಿ (ಮಾಸ್) ತುಂಬಿ ಒಳಗಿಡಿ, ಹಾವು ಬೇಕೆಂದಾಗ ಹೋಗಿ ಕೂರುತ್ತದೆ.

ಅತಿ ತೇವ ಇದ್ದರೆ ಗಾಳಿಯ ತೂತು ನೋಡಿ. ನಾನೊಮ್ಮೆ ಟಬ್ಬಿನ ಎರಡೂ ಪಕ್ಕ ಎಂಟೆಂಟು ತೂತು ಕೊರೆದು ಖುಷಿಯಲ್ಲಿದ್ದೆ. ಟಬ್ ಒಳಗೆ ತಳ್ಳಿದಾಗ ಆ ಪಕ್ಕಗಳು ರ್ಯಾಕ್‌ನ ಗೋಡೆಗೆ ಅಂಟಿಕೊಳ್ಳುತ್ತಿದ್ದವು. ಹದಿನಾರು ತೂತಿದ್ದೂ ಗಾಳಿ ಆಡುತ್ತಿರಲಿಲ್ಲ. ಮುಂದೆ ನಾಲ್ಕು, ಹಿಂದೆ ನಾಲ್ಕು ಕೊರೆದ ಮೇಲೆ ಸರಿಯಾಯಿತು. ಹಿಂದಿನ ಹಲಗೆ ಪೂರ್ತಿ ಮುಚ್ಚಿದ್ದರೆ ಅಲ್ಲೂ ಗಾಳಿಗೆ ಕಿಂಡಿ ಬೇಕು. ದೊಡ್ಡ ಹಾವಿಗೆ 5 ಮಿ.ಮೀ., ಮರಿಗಳಿಗೆ 3 ಮಿ.ಮೀ. ತೂತು ಸಾಕು. ಒಳಗಿನಿಂದ ಹೊರಗೆ ಕೊರೆಯಿರಿ, ಒರಟು ಅಂಚು ಹೊರಗೆ ಉಳಿಯುತ್ತದೆ. ಒಳಗೆ ಉಳಿದರೆ ರಾತ್ರಿಯೆಲ್ಲ ಮೂತಿ ಉಜ್ಜುವ ಹಾವಿಗೆ ಗಾಯವಾಗುತ್ತದೆ. ಒಂದೇ ಸಲ ಜಾಸ್ತಿ ಕೊರೆಯದೆ ನಾಲ್ಕು ಕೊರೆದು, ಎರಡು ದಿನ ಅಳೆದು, ಬೇಕಿದ್ದರೆ ಮತ್ತೆ ನಾಲ್ಕು ಕೊರೆಯಿರಿ.

ಟಬ್ ಖಾಲಿ, ಹಾವಿಲ್ಲ

ರ್ಯಾಕ್‌ನಲ್ಲಿ ಟಬ್ಬಿಗೆ ಬೇರೆ ಮುಚ್ಚಳ ಇರುವುದಿಲ್ಲ, ಮೇಲಿನ ಹಲಗೆಯೇ ಮುಚ್ಚಳ. ಹಾಗಾಗಿ ಆ ಸಂದು ಎಷ್ಟಿದೆ ಎಂಬುದೇ ಎಲ್ಲ. ಎಟಿಎಂ ಕಾರ್ಡ್ ಸುಮಾರು 0.76 ಮಿ.ಮೀ. ದಪ್ಪ. ಮರಿಗಳ ರ್ಯಾಕ್‌ನಲ್ಲಿ ಒಂದು ಕಾರ್ಡ್ ಬಿಗಿಯಾಗಿ ಹೋಗಬೇಕು. ದೊಡ್ಡ ಹಾವುಗಳಿಗೆ ಎರಡು ಕಾರ್ಡಿನ ಸಂದು ನಡೆಯುತ್ತದೆ. ತಲೆ ಹೋದಲ್ಲಿ ಮೈ ಹೋಗುತ್ತದೆ, ಅಷ್ಟು ನೆನಪಿರಲಿ.

ಕಾರ್ಡನ್ನು ಮೂಲೆಯಲ್ಲಿ ಮಾತ್ರ ತೂರಿಸಿ ನೋಡಿದರೆ ಸಾಲದು. ಟಬ್ಬಿನ ಅಂಚನ್ನು ಉದ್ದಕ್ಕೂ ಬೆರಳಿನಿಂದ ಕೆಳಗೆ ಒತ್ತಿ ನೋಡಿ. ತೆಳು ಪ್ಲಾಸ್ಟಿಕ್ ನಡುವೆ ಬಾಗುತ್ತದೆ, ಹಾವು ಅದನ್ನೇ ಕಂಡುಹಿಡಿಯುತ್ತದೆ. ಹಲಗೆ ಬಾಗಿದ್ದರೂ ಹೀಗೇ. ಅಗಲವಾದ ರ್ಯಾಕ್‌ನಲ್ಲಿ ಟಬ್ ಹೊತ್ತ ಹಲಗೆ ವರ್ಷದಲ್ಲಿ ನಡುವೆ ಇಳಿಯುತ್ತದೆ. ಮೇಲಿನ ಹಲಗೆ ಇಳಿದರೆ ಟಬ್ ಸಿಕ್ಕಿಕೊಳ್ಳುತ್ತದೆ, ಕೆಳಗಿನದು ಇಳಿದರೆ ಮೇಲೆ ಸಂದು ಬೀಳುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಅಂಚು ನೀರು ಕುಡಿದು ಊದಿದಾಗಲೂ ಅಳತೆ ಕೆಡುತ್ತದೆ. ಹಲಗೆಗಳ ನಡುವೆ ಒಂದು ಆಧಾರದ ಕಂಬ ಕೊಡಿ, ಬಾಗಿದ ಹಲಗೆ ಬದಲಿಸಿ, ಕತ್ತರಿಸಿದ ಅಂಚುಗಳಿಗೆಲ್ಲ ನೀರು ಹಿಡಿಯದ ಲೇಪ ಹಾಕಿ. ಲೇಪ, ಸಿಲಿಕೋನ್ ಯಾವುದೇ ಇರಲಿ, ವಾಸನೆ ಪೂರ್ತಿ ಹೋಗುವ ತನಕ ಹಾವನ್ನು ಒಳಗೆ ಬಿಡಬೇಡಿ. ವಾರ್ನಿಷ್ ಆದರೆ ಎರಡು ವಾರ ಕಾಯಿರಿ. ಸೀಡರ್ ಮರವನ್ನು ಹಲಗೆಗೂ ಹಾಸಿಗೂ ಬಳಸಬಾರದು, ಅದರ ಎಣ್ಣೆಯ ಘಾಟು ಹಾವಿಗೆ ವಿಷ.

ದೊಡ್ಡ ಹಾವು ಟಬ್ಬನ್ನೇ ಮುಂದಕ್ಕೆ ತಳ್ಳಿ ಹೊರಬರುತ್ತದೆ. ಮುಂದೆ ಒಂದು ಅಡ್ಡ ಕಂಬಿಯೋ ತಿರುಗುವ ಅಗುಳಿಯೋ ಇರಲಿ.

ರ್ಯಾಕ್ ಸರಿಯಿದೆ, ಹಾವು ಸರಿಯಿಲ್ಲ

ಹಾವು ದಿನವಿಡೀ ನೀರಿನ ಬಟ್ಟಲಲ್ಲೇ ಇದ್ದರೆ ಮೊದಲು ಬಿಸಿ ಅಳೆಯಿರಿ. ಅದು ಸರಿಯಿದ್ದರೆ ನೀರಿನಲ್ಲಿ ಕರಿ ಎಳ್ಳಿನ ಪುಡಿಯಂಥ ಚುಕ್ಕೆಗಳಿವೆಯಾ ನೋಡಿ. ಅವು ನುಸಿ, ಹಾವಿನ ರಕ್ತ ಹೀರುವ ಸಣ್ಣ ಹುಳ. ಕಣ್ಣಿನ ಸುತ್ತ, ಗದ್ದದ ಅಡಿಯಲ್ಲೂ ಸಿಗುತ್ತವೆ. ರ್ಯಾಕ್‌ನಲ್ಲಿ ಅವು ಟಬ್ಬಿನಿಂದ ಟಬ್ಬಿಗೆ ನಡೆದು ಹೋಗುತ್ತವೆ, ಹಾಗಾಗಿ ಒಂದಕ್ಕೆ ಬಂದರೆ ಎಲ್ಲಕ್ಕೂ ಬಂದ ಹಾಗೆ. ಎಲ್ಲ ಟಬ್ಬೂ ಖಾಲಿ ಮಾಡಿ, ಹಾಸಿನ ಬದಲು ಬಿಳಿ ಕಾಗದ ಹಾಕಿ, ಹಲಗೆಯ ಸಂದುಗಳನ್ನೂ ತೊಳೆಯಿರಿ.

ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು, ಹೊಟ್ಟೆಯ ಮೇಲೆ ಸುಟ್ಟ ಕಲೆ, ಇವುಗಳಲ್ಲಿ ಒಂದು ಕಂಡರೂ ರ್ಯಾಕ್ ಬಿಚ್ಚುತ್ತಾ ಕೂರಬೇಡಿ. ಹಾವನ್ನು ಕಾಗದ ಹಾಸಿದ ಸ್ವಚ್ಛ ಟಬ್ಬಿಗೆ ಹಾಕಿ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ಸುಟ್ಟ ಜಾಗಕ್ಕೆ ಮನೆಯ ಮುಲಾಮು ಹಚ್ಚಬೇಡಿ.

ಮತ್ತೆ ಹಾವನ್ನು ಒಳಗೆ ಬಿಡುವ ಮೊದಲು

ದುರಸ್ತಿಯಾದ ರ್ಯಾಕನ್ನು ಮೂರು ದಿನ ಖಾಲಿ ಓಡಿಸಿ. ಟಬ್ಬುಗಳಲ್ಲಿ ಹಾಸು, ನೀರಿನ ಬಟ್ಟಲು ಎಲ್ಲ ಎಂದಿನಂತೆ ಇರಲಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಪ್ರತಿ ಟಬ್ಬಿನ ಎರಡೂ ಬದಿ ಅಳೆದು ಬರೆಯಿರಿ. ಒಂದು ದಿನ ಬೇಕೆಂದೇ ಪ್ರೋಬ್ ಮೇಲಿನ ಟಬ್ಬನ್ನು ಅರ್ಧ ಗಂಟೆ ಹೊರಗಿಟ್ಟು, ಬಾಕಿ ಟಬ್ಬುಗಳು ಎಷ್ಟು ಏರುತ್ತವೆ ನೋಡಿ. ಈ ದಿನಗಳಲ್ಲಿ ಹಾವುಗಳು ಮುಚ್ಚಳ ಇರುವ ಸಾದಾ ಟಬ್ಬಿನಲ್ಲಿ, ಬೆಚ್ಚಗಿನ ಕೋಣೆಯಲ್ಲಿ ಇರಲಿ. ನೀರು ಕೊಡಿ, ಊಟ ಬೇಡ. ಬಿಸಿ ಸಿಗದಿದ್ದರೆ ತಿಂದದ್ದು ಜೀರ್ಣವಾಗದೆ ಕಕ್ಕಿಬಿಡುತ್ತವೆ. ರ್ಯಾಕ್‌ಗೆ ಮರಳಿದ ಮೇಲೂ ಐದಾರು ದಿನ ಬಿಟ್ಟು, ಎಂದಿಗಿಂತ ಒಂದು ಅಳತೆ ಚಿಕ್ಕ ಇಲಿಯಿಂದ ಶುರು ಮಾಡಿ. ಮಾರನೆಯ ಬೆಳಗ್ಗೆ ಅದು ಹೊಟ್ಟೆಯ ಉಬ್ಬನ್ನು ಬಿಸಿ ಬದಿಗೆ ಹಾಕಿ ಸುರುಳಿ ಸುತ್ತಿಕೊಂಡು ಮಲಗಿದ್ದರೆ ನೋಟ್‌ಬುಕ್‌ನಲ್ಲಿ ಅದನ್ನೂ ಬರೆದಿಡಿ.